ಬಾಲಕೀರ್ತಿ ಮತ್ತು ಮೌನ: ಕುಮಾರ ಗಂಧರ್ವರ ಎರಡು ಜೀವಿತಗಳು

ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ಎಷ್ಟೋ ಊರುಗಳ ಹೆಸರುಗಳು ನೀರನ್ನು ನೆನೆಯುತ್ತವೆ. ಸುರಪುರ ಸೀಮೆಯ ಕೆಂಭಾವಿಯ ಹೆಸರಿನಲ್ಲಿ ಒಂದು ಬಾವಿಯಿದೆ. ಬೆಳಗಾವಿಗೆ ಸಮೀಪದ ಸೂಳೇಭಾವಿಯ ಹೆಸರಿನಲ್ಲಿಯೂ ಒಂದು ಬಾವಿಯಿದೆ. ಕೆಂಭಾವಿಯ ಹೆಸರನ್ನು ಹನ್ನೆರಡನೆಯ ಶತಮಾನದ ಶರಣ ಭೋಗಣ್ಣ ನಾಡಿಗೆಲ್ಲ ಪರಿಚಯಿಸಿದ. ಸೂಳೇಭಾವಿಯ ಹೆಸರನ್ನು ಇಪ್ಪತ್ತನೆಯ ಶತಮಾನದಲ್ಲಿ ಒಬ್ಬ ಬಾಲಗಾಯಕ ಭರತಖಂಡದ ಸಂಗೀತ ಚರಿತ್ರೆಗೆ ಸೇರಿಸಿದ. ಇಬ್ಬರ ನಡುವೆ ಎಂಟು ನೂರು ವರ್ಷಗಳ ಅಂತರವಿದೆ. ಆದರೂ ಇಬ್ಬರ ಕಥೆಗಳಲ್ಲಿಯೂ ಒಂದು ನಿರ್ಗಮನವಿದೆ. ನಿರ್ಗಮನದ ನಂತರವೇ ಅವರವರ ಘನತೆ ಲೋಕಕ್ಕೆ ಪೂರ್ತಿಯಾಗಿ ತಿಳಿಯಿತು.

ಈ ಬಾಲಗಾಯಕನ ಹೆಸರು ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ. ಹುಟ್ಟಿದ್ದು 1924ರ ಏಪ್ರಿಲ್ 8ರಂದು. ಮನೆಮಾತು ಕನ್ನಡ. ತಂದೆ ಸಿದ್ಧರಾಮಯ್ಯನವರು ಸ್ವತಃ ಹಾಡುಬಲ್ಲವರು, ಸಂಗೀತದ ಆಸ್ಥೆಯುಳ್ಳವರು. ಮಗನಿಗೆ ಅವರು ಕ್ರಮವಾಗಿ ಪಾಠ ಹೇಳಿಸಲಿಲ್ಲ. ಆರೇಳು ವರ್ಷದ ವಯಸ್ಸಿನಲ್ಲಿ ಹುಡುಗ ಒಮ್ಮೆಲೇ ಹಾಡತೊಡಗಿದ. ಹಾಡಿದ್ದು ಮಕ್ಕಳ ಹಾಡನ್ನಲ್ಲ, ಗ್ರಾಮಫೋನ್ ತಟ್ಟೆಗಳಲ್ಲಿ ಕೇಳಿದ ಹಿರಿಯ ಗಾಯಕರ ಖ್ಯಾಲುಗಳನ್ನು. ಆಲಾಪದ ತಿರುವು, ತಾನಿನ ವೇಗ, ಸ್ವರದ ಮೇಲಿನ ನಿಲುವು, ಎಲ್ಲವೂ ತಟ್ಟೆಯಲ್ಲಿದ್ದಂತೆಯೇ ಇರುತ್ತಿದ್ದವು. ಇದನ್ನು ಕೇಳಿ ಬೆರಗಾದ ಮಠಾಧೀಶರೊಬ್ಬರು ಹುಡುಗನನ್ನು ‘ಕುಮಾರ ಗಂಧರ್ವ’ ಎಂದು ಕರೆದರು. ಆ ಬಿರುದೇ ಮುಂದೆ ಅವನ ಹೆಸರಾಯಿತು. ಶಿವಪುತ್ರ ಎಂಬ ಹೆಸರು ಮನೆಯವರ ನೆನಪಿಗಷ್ಟೇ ಉಳಿಯಿತು.

ಆ ಕಾಲದ ಗ್ರಾಮಫೋನಿನ ಮಹತ್ವವನ್ನು ಇಂದಿನ ಓದುಗರು ಕೊಂಚ ಊಹಿಸಿಕೊಳ್ಳಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ನಿಮಿಷಗಳ ಆಸುಪಾಸಿನ ಹಾಡು ಹಿಡಿಯುತ್ತಿತ್ತು. ರಾತ್ರಿಯೆಲ್ಲ ವಿಸ್ತರಿಸುವ ರಾಗವನ್ನು ಉಸ್ತಾದರು ಆ ಮೂರು ನಿಮಿಷಗಳೊಳಗೆ ಅಡಕಮಾಡಿ ಹಾಡುತ್ತಿದ್ದರು. ದರಬಾರು ಮತ್ತು ಮೆಹಫಿಲುಗಳ ಬಾಗಿಲು ಕಾಯಬೇಕಾಗಿದ್ದ ಸಂಗೀತ ಚಹದಂಗಡಿಗೂ ಕಿರಾಣಿ ಅಂಗಡಿಗೂ ಬಂತು. ಜನಪ್ರಿಯ ಸಂಗೀತವೆಂದು ಇಂದು ಯಾವುದನ್ನು ಕರೆಯುತ್ತೇವೆಯೋ ಅದರ ಮೊದಲ ಮಾರುಕಟ್ಟೆ ಇದೇ. ಅಬ್ದುಲ್ ಕರೀಂ ಖಾನರ ತಟ್ಟೆಯನ್ನು ರಾಗದ ಹೆಸರು ತಿಳಿಯದವರೂ ಗುನುಗುನಿಸಿದರು.

ಒಂದೇ ಯಂತ್ರ ಎರಡು ಎಳೆಯ ಜೀವಗಳಲ್ಲಿ ಎರಡು ಬಗೆಯ ಕೆಲಸ ಮಾಡಿದ್ದನ್ನು ಇಲ್ಲಿ ಗಮನಿಸಬೇಕು. ಗದುಗಿನ ಪರಿಸರದಲ್ಲಿ ಬೆಳೆಯುತ್ತಿದ್ದ ಭೀಮಸೇನ ಜೋಶಿ ಎಂಬ ಬಾಲಕ ಅಬ್ದುಲ್ ಕರೀಂ ಖಾನರ ತಟ್ಟೆಯೊಂದನ್ನು ಕೇಳಿ, ಅಂಥ ಹಾಡುಗಾರಿಕೆಯನ್ನು ಕಲಿಸುವ ಗುರುವನ್ನು ಹುಡುಕಿಕೊಂಡು ಹನ್ನೊಂದನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಹೋದ. ಊರೂರು ಅಲೆದು, ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರ ಮನೆಯಲ್ಲಿ ನೀರು ಹೊತ್ತು ವಿದ್ಯೆ ಕಲಿತ. ಸೂಳೇಭಾವಿಯ ಬಾಲಕನಿಗೆ ತಟ್ಟೆಯೇ ಗುರುವಾಯಿತು. ಒಬ್ಬನಲ್ಲ, ಹತ್ತು ಗುರುಗಳಾಯಿತು. ಒಬ್ಬನಿಗೆ ಆ ಧ್ವನಿ ಹಸಿವನ್ನು ಕೊಟ್ಟಿತು, ಇನ್ನೊಬ್ಬನಿಗೆ ಊಟವನ್ನೇ ಬಡಿಸಿತು. ಹಸಿದವನನ್ನು ಬಹುಕಾಲ ಯಾರೂ ಕೇಳಲಿಲ್ಲ. ಉಂಡವನನ್ನು ಊರೇ ಹೊತ್ತು ಮೆರೆಯಿಸಿತು.

ತಂದೆಯ ಜೊತೆಗೆ ಬಾಲಕ ಊರಿಂದೂರಿಗೆ ಹೊರಟ. ಹತ್ತು ವರ್ಷ ತುಂಬುವ ಹೊತ್ತಿಗೆ ಕರ್ನಾಟಕ ಮಹಾರಾಷ್ಟ್ರಗಳ ಎಲ್ಲೆ ದಾಟಿ ಉತ್ತರ ಭಾರತದ ದೊಡ್ಡ ಸಂಗೀತ ಸಮ್ಮೇಳನಗಳವರೆಗೆ ಅವನ ಹೆಸರು ಹೋಗಿತ್ತು. ವೇದಿಕೆಯ ಮೇಲೆ ತಂಬೂರಿಗಿಂತ ಕುಳ್ಳಗಿನ ಹುಡುಗ. ಕಂಠದಲ್ಲಿ ಅರವತ್ತು ವರ್ಷದ ಉಸ್ತಾದರ ಗತ್ತು. ಜನ ಚಪ್ಪಾಳೆ ತಟ್ಟಿದರು, ಪದಕಗಳನ್ನು ಕೊಟ್ಟರು, ಪೂರ್ವಜನ್ಮದ ಸಂಸ್ಕಾರವೆಂದರು. ಬೆರಗಿನಲ್ಲಿ ತಪ್ಪೇನೂ ಇಲ್ಲ. ಆದರೆ ಆ ಬೆರಗು ಹುಡುಗನ ಹಾಡುಗಾರಿಕೆಯನ್ನು ಕುರಿತದ್ದೋ, ಬೇರೊಬ್ಬರ ಹಾಡು ಹುಡುಗನ ಬಾಯಿಂದ ಬಂದ ಸೋಜಿಗವನ್ನು ಕುರಿತದ್ದೋ ಎಂಬ ಪ್ರಶ್ನೆಯನ್ನು ಆ ಸಭೆಗಳು ಕೇಳಿಕೊಂಡಂತೆ ಕಾಣುವುದಿಲ್ಲ.

ಕನ್ನಡ ಕಾವ್ಯದಲ್ಲಿ ಇದಕ್ಕೆ ಹೋಲುವ ಒಂದು ಸಭೆಯಿದೆ. ಪಂಪನ ‘ಆದಿಪುರಾಣ’ದಲ್ಲಿ, ಅಂದರೆ ಕ್ರಿ.ಶ. 941ರಲ್ಲಿ ಮುಗಿದ ಕೃತಿಯಲ್ಲಿ, ವೃಷಭನಾಥನ ಆಸ್ಥಾನದ ಮುಂದೆ ನೀಲಾಂಜನೆ ನರ್ತಿಸುತ್ತಾಳೆ. ನೃತ್ಯದ ನಡುವೆಯೇ ಅವಳ ಆಯುಷ್ಯ ತೀರಿ ಅವಳು ಮಿಂಚಿನಂತೆ ಮರೆಯಾಗುತ್ತಾಳೆ. ರಸಭಂಗವಾಗದಿರಲೆಂದು ಇಂದ್ರನು ಆ ಕ್ಷಣವೇ ಅವಳ ಪ್ರತಿರೂಪವನ್ನು ನಿಲ್ಲಿಸುತ್ತಾನೆ. ಅದೇ ಲಯ, ಅದೇ ಹೆಜ್ಜೆ, ಅದೇ ಚೆಲುವು. ಸಭೆಗೆ ಏನೂ ತಿಳಿಯುವುದಿಲ್ಲ. ವೃಷಭನಾಥನೊಬ್ಬನಿಗೆ ಮಾತ್ರ ತಿಳಿಯುತ್ತದೆ. ಆ ಅರಿವೇ ಅವನ ವೈರಾಗ್ಯದ ಮೊದಲಾಗುತ್ತದೆ. ಪ್ರತಿರೂಪ ಎಷ್ಟು ನಿರ್ದೋಷವಾಗಿದ್ದರೂ ಅದು ಪ್ರತಿರೂಪವೆಂದು ಕಾಣುವ ಕಣ್ಣು ಒಂದಾದರೂ ಇರಬೇಕು. ಕುಮಾರ ಗಂಧರ್ವರ ವಿಷಯದಲ್ಲಿ ಆ ಕಣ್ಣು ಕೊನೆಗೆ ಅವರದೇ ಆಯಿತು ಎಂಬುದು ಅವರ ಜೀವನದ ವಿಶೇಷ. ಅದಕ್ಕೆ ಕಾಲ ಹಿಡಿಯಿತು. ಇಬ್ಬರು ಗುರುಗಳ ಆಶ್ರಯವೂ, ಒಂದು ರೋಗದ ಆಘಾತವೂ ಬೇಕಾದವು.

1936ರ ಸುಮಾರಿಗೆ, ಹನ್ನೆರಡರ ಆಸುಪಾಸಿನ ವಯಸ್ಸಿನಲ್ಲಿ, ಬಾಲಕ ಮುಂಬಯಿಯ ಪ್ರೊ. ಬಿ.ಆರ್. ದೇವಧರರ ಶಿಷ್ಯನಾದ. ದೇವಧರರು ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು. ಮುಂಬಯಿಯ ಆಪೆರಾ ಹೌಸ್ ಬಳಿ ಸಂಗೀತ ಶಾಲೆಯನ್ನು ನಡೆಸುತ್ತಿದ್ದವರು. ಒಂದೇ ಘರಾಣೆಯ ಗೋಡೆಯೊಳಗೆ ಕೂರುವ ಸ್ವಭಾವ ಅವರದಲ್ಲ. ಬೇರೆ ಬೇರೆ ಪರಂಪರೆಗಳ ಉಸ್ತಾದರಿಂದ ಬಂದಿಶುಗಳನ್ನು ಸಂಗ್ರಹಿಸಿದವರು, ಪಾಶ್ಚಾತ್ಯ ಸಂಗೀತವನ್ನೂ ಅಭ್ಯಾಸ ಮಾಡಿದವರು. ಅವರಲ್ಲದೆ, ಭೇಂಡಿ ಬಜಾರ್ ಘರಾಣೆಯ ಹಿರಿಯ ಗಾಯಕಿ ಅಂಜನೀಬಾಯಿ ಮಾಲ್ಪೇಕರರ ಬಳಿಯೂ ಕುಮಾರರಿಗೆ ಪಾಠವಾಯಿತು.

ಕೀರ್ತಿ ಬಂದ ಮೇಲೆ ವಿದ್ಯಾರ್ಥಿಯಾಗುವುದು ಸುಲಭದ ಮಾತಲ್ಲ. ಸಮ್ಮೇಳನಗಳಲ್ಲಿ ಹಾರ ಹಾಕಿಸಿಕೊಂಡ ಕೊರಳು ಶಾಲೆಯಲ್ಲಿ ಮತ್ತೆ ಷಡ್ಜದಿಂದ ಆರಂಭಿಸಬೇಕು. ಹಾಡಲು ಬರುತ್ತದೆ, ಆದರೆ ಹಾಡಿದ್ದು ಏನೆಂದು ಹೇಳಲು ಬರುವುದಿಲ್ಲ ಎಂಬ ಸ್ಥಿತಿಯಿಂದ, ರಾಗ ಯಾಕೆ ಹೀಗೆ ನಡೆಯುತ್ತದೆ ಎಂದು ಕೇಳುವ ಸ್ಥಿತಿಗೆ ಬರಬೇಕು. ಕುಮಾರರು ಈ ದಾರಿಯನ್ನು ನಡೆದರು. ಇಪ್ಪತ್ತು ತುಂಬುವ ಹೊತ್ತಿಗೆ ಅದೇ ಶಾಲೆಯಲ್ಲಿ ಕಲಿಸುವವರೂ ಆಗಿದ್ದರು. ಬಾಲಪ್ರತಿಭೆ ಎಂಬ ಮಾತು ಹಿಂದೆ ಸರಿದು, ಮುಂಬಯಿಯ ರಸಿಕರ ನಡುವೆ ತರುಣ ಗಾಯಕನೆಂಬ ಗೌರವ ನೆಲೆಗೊಂಡಿತು. 1947ರಲ್ಲಿ ಕರಾಚಿಯಿಂದ ಸಂಗೀತ ಕಲಿಯಲು ಬಂದಿದ್ದ ಭಾನುಮತಿ ಕಂಸ್ ಅವರೊಡನೆ ವಿವಾಹವಾಯಿತು. ಹೊರಗಿನಿಂದ ನೋಡುವವರಿಗೆ ಎಲ್ಲವೂ ಸರಿಯಾದ ದಾರಿಯಲ್ಲಿದ್ದಂತೆ ಕಾಣುತ್ತಿತ್ತು.

ಅದೇ ಕಾಲಕ್ಕೆ ಕ್ಷಯರೋಗ ಕಾಣಿಸಿಕೊಂಡಿತು. ಗಾಯಕನಿಗೆ ಶ್ವಾಸಕೋಶದ ರೋಗವೆಂದರೆ ನೇಕಾರನಿಗೆ ಕೈ ಬಿದ್ದಂತೆ. ಹಾಡಬಾರದೆಂದು ವೈದ್ಯರು ವಿಧಿಸಿದರು. ಮುಂಬಯಿಯ ತೇವದ ಗಾಳಿ ಒಗ್ಗದೆಂದು, ಮಾಳವದ ಒಣ ಹವೆಯನ್ನು ಅರಸಿ, 1948ರ ಜನವರಿಯ ಕೊನೆಯಲ್ಲಿ ದಂಪತಿಗಳು ಮಧ್ಯ ಭಾರತದ ದೇವಾಸ್ ಎಂಬ ಸಣ್ಣ ಊರಿಗೆ ಬಂದರು. ಅವರಿಗೆ ಆಗ ಇಪ್ಪತ್ಮೂರು ವರ್ಷ. ವೇದಿಕೆಯ ಮೇಲೆ ಅದಾಗಲೇ ಹದಿನೈದು ವರ್ಷಗಳ ಬಾಳು ಮುಗಿದಿತ್ತು. ಭಾನುಮತಿಯವರು ಶಾಲೆಯಲ್ಲಿ ಶಿಕ್ಷಕಿಯಾಗಿ ದುಡಿದು ಮನೆ ನಡೆಸಿದರು, ಗಂಡನ ಶುಶ್ರೂಷೆ ಮಾಡಿದರು. ಕುಮಾರ ಗಂಧರ್ವರ ಎರಡನೆಯ ಜೀವಿತ ಸಾಧ್ಯವಾದದ್ದು ಈ ತಾಯಿಯ ಸಂಬಳದಿಂದ ಮತ್ತು ಸಹನೆಯಿಂದ ಎಂಬುದನ್ನು ಸಂಗೀತದ ಚರಿತ್ರೆಕಾರರು ಮರೆಯಬಾರದು.

ಇದೇ ಕಾಲಘಟ್ಟದಲ್ಲಿ ಬಾಲಕೀರ್ತಿಯ ಮತ್ತೊಂದು ಕಥೆ ಬೇರೆ ರೀತಿಯಲ್ಲಿ ಮುಗಿದಿತ್ತು. ಪಂಜಾಬಿನಲ್ಲಿ 1927ರಲ್ಲಿ ಹುಟ್ಟಿದ ಮಾಸ್ಟರ್ ಮದನ್ ಎಂಬ ಬಾಲಗಾಯಕ ಗಜಲುಗಳಿಂದ ಉತ್ತರ ಭಾರತದಲ್ಲೆಲ್ಲ ಹೆಸರಾಗಿ, 1942ರಲ್ಲಿ ಹದಿನಾಲ್ಕನೆಯ ವಯಸ್ಸಿಗೇ ತೀರಿಕೊಂಡ. ಅವನ ಎಂಟು ಧ್ವನಿಮುದ್ರಣಗಳಷ್ಟೇ ಉಳಿದಿವೆ. ಅವನು ದೊಡ್ಡವನಾಗಿ ಏನು ಹಾಡುತ್ತಿದ್ದನೋ ಲೋಕಕ್ಕೆ ತಿಳಿಯುವಂತಿಲ್ಲ. ದೇವಾಸದ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ತರುಣನ ಕಥೆಯೂ ಅಲ್ಲಿಗೇ ನಿಲ್ಲಬಹುದಾಗಿತ್ತು. ನಿಂತಿದ್ದರೆ, ಹಳೆಯ ರಸಿಕರ ನೆನಪಿನಲ್ಲಿ ‘ಎಳೆವಯಸ್ಸಿನಲ್ಲಿ ಎಲ್ಲರಂತೆ ಹಾಡುತ್ತಿದ್ದ ಹುಡುಗ’ ಎಂಬಷ್ಟೇ ಉಳಿಯುತ್ತಿತ್ತು.

ಐದು ವರ್ಷಗಳಿಗೂ ಮಿಕ್ಕಿದ ಆ ಕಾಲದಲ್ಲಿ ಅವರು ಹಾಡಲಿಲ್ಲ, ಕೇಳಿದರು. ಮಲಗಿದ್ದ ಕೋಣೆಗೆ ಹಕ್ಕಿಗಳ ಕೂಗು ಬರುತ್ತಿತ್ತು, ಗಾಳಿ ಬರುತ್ತಿತ್ತು, ಬೀದಿಯ ಧ್ವನಿಗಳು ಬರುತ್ತಿದ್ದವು. ಕೆಲಸಕ್ಕೆ ಹೋಗುವ ಮಾಳವಿ ಹೆಂಗಸರು ಹಾಡಿಕೊಂಡು ಹೋಗುತ್ತಿದ್ದರು. ನಾಥಪಂಥದ ಜೋಗಿಗಳು ಏಕತಾರಿ ಹಿಡಿದು ಕಬೀರನ ನಿರ್ಗುಣ ಪದಗಳನ್ನು ಹಾಡುತ್ತ ಬಾಗಿಲಿಗೆ ಬರುತ್ತಿದ್ದರು. ಈ ಹಾಡುಗಾರರಿಗೆ ಸಭೆ ಇರಲಿಲ್ಲ, ಪದಕ ಇರಲಿಲ್ಲ, ಹಾಡು ಮುಗಿದ ಮೇಲೆ ಚಪ್ಪಾಳೆಯೂ ಇರಲಿಲ್ಲ. ಅವರು ಯಾರನ್ನೂ ಅನುಕರಿಸುತ್ತಿರಲಿಲ್ಲ. ಬಾಲ್ಯದಲ್ಲಿ ಯಂತ್ರದಿಂದ ಸಂಗೀತ ಕೇಳಿದ ಕಿವಿ ಈಗ ಬದುಕಿನ ನಡುವಿನಿಂದ ನೇರವಾಗಿ ಬರುವ ಸಂಗೀತವನ್ನು ಕೇಳಿತು.

ಈ ಆಲಿಕೆಯಿಂದ ಕುಮಾರರು ಪಡೆದ ಮುಖ್ಯ ತಿಳಿವಳಿಕೆ ಒಂದು: ಶಾಸ್ತ್ರೀಯವೆನಿಸಿದ ರಾಗಗಳ ಬೇರು ಜನಪದ ಧುನ್‌ಗಳಲ್ಲಿದೆ. ನಾಲ್ಕೈದು ಸ್ವರಗಳ ನಡುವೆ ಸುತ್ತುವ ಹಳ್ಳಿಯ ಹಾಡಿನೊಳಗೆ ಇನ್ನೂ ಹೊರಬರದ ರಾಗವೊಂದು ಬೀಜರೂಪದಲ್ಲಿ ಇರುತ್ತದೆ. ಅವರು ಮಾಳವದ ಹಾಡುಗಳನ್ನು ಸಂಗ್ರಹಿಸಿ ಸ್ವರಲಿಪಿಗೆ ಇಳಿಸಿದರು, ಯಾವ ಋತುವಿನಲ್ಲಿ ಯಾವುದನ್ನು ಹಾಡುತ್ತಾರೆಂದು ಗುರುತಿಸಿದರು. ಆ ಧುನ್‌ಗಳಿಂದ ಹೊಸ ರಾಗಗಳನ್ನು ರೂಪಿಸಿ ಅವನ್ನು ‘ಧುನ್ ಉಗಮ ರಾಗ’ಗಳೆಂದು ಕರೆದರು. ಮಾಲವತಿ, ಸಂಜಾರಿ, ಲಗನ ಗಂಧಾರ, ಸಹೇಲಿ ತೋಡಿ ಮುಂತಾದವು ಹೀಗೆ ಬಂದವು. ಮುಂದೆ ಗಾಂಧೀಜಿಯವರ ಜನ್ಮಶತಾಬ್ದಿಯ ಸಂದರ್ಭಕ್ಕೆ ಗಾಂಧಿ ಮಲ್ಹಾರ ಎಂಬ ರಾಗವನ್ನು ರಚಿಸಿದರು. ಅವರ ಸ್ವಂತ ಬಂದಿಶುಗಳ ಸಂಗ್ರಹ ‘ಅನೂಪರಾಗವಿಲಾಸ’ದ ಮೊದಲ ಭಾಗ 1965ರಲ್ಲಿ ಪ್ರಕಟವಾಯಿತು.

ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧ ದೊರೆತದ್ದರಿಂದ ರೋಗ ಹಿಡಿತಕ್ಕೆ ಬಂತು. ಆದರೆ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಷ್ಟು ಹಾಳಾಗಿತ್ತು. 1953ರ ಹೊತ್ತಿಗೆ ಅವರು ಮತ್ತೆ ವೇದಿಕೆಗೆ ಬಂದಾಗ ಕೇಳುಗರ ಮುಂದೆ ಕುಳಿತಿದ್ದವರು ಬೇರೆಯೇ ಗಾಯಕರು. ಉದ್ದುದ್ದ ಉಸಿರಿನ, ತಡೆಯಿಲ್ಲದ ತಾನುಗಳಿಗೆ ಈಗ ದೇಹ ಒಪ್ಪುತ್ತಿರಲಿಲ್ಲ. ಚಿಕ್ಕ ಚಿಕ್ಕ ಸ್ವರಗುಚ್ಛಗಳು ಥಟ್ಟನೆ ಹೊಮ್ಮಿ ನಿಲ್ಲುತ್ತಿದ್ದವು. ಅವುಗಳ ನಡುವೆ ಮೌನ ಬರುತ್ತಿತ್ತು. ಆ ಮೌನದಲ್ಲಿ, ಅತಿ ಜತನದಿಂದ ಶ್ರುತಿಗೂಡಿಸಿದ ತಂಬೂರಿಗಳು ಮಾತ್ರ ನುಡಿಯುತ್ತಿದ್ದವು. ಉಸಿರು ತೆಗೆದುಕೊಳ್ಳುವ ಅನಿವಾರ್ಯತೆಯೇ ಗಾಯನದ ವ್ಯಾಕರಣವಾಯಿತು. ಕೇಳುಗ ಆ ಬಿಡುವಿನಲ್ಲಿ ಮುಂದಿನ ಸ್ವರಕ್ಕಾಗಿ ಕಾಯುವುದನ್ನು ಕಲಿತ.

ಎಲ್ಲರೂ ಇದನ್ನು ಮೆಚ್ಚಲಿಲ್ಲ. ವಿಲಂಬಿತದ ಸಾವಧಾನದ ಬಡತ್ ಇಲ್ಲವೆಂದು ಕೆಲವರು ಆಕ್ಷೇಪಿಸಿದರು. ಘರಾಣೆಯ ಶಿಸ್ತನ್ನು ಮುರಿದರೆಂದು ಇನ್ನು ಕೆಲವರು ಮುನಿದರು. ಹತ್ತು ಘರಾಣೆಗಳ ಗಾಯನವನ್ನು ತದ್ವತ್ತಾಗಿ ಒಪ್ಪಿಸುತ್ತಿದ್ದ ಹುಡುಗನನ್ನು ಎಲ್ಲ ಘರಾಣೆಗಳವರೂ ಮುದ್ದಿಸಿದ್ದರು. ಯಾವ ಘರಾಣೆಗೂ ಸೇರದ ಗಾಯಕನಾದಾಗ ಅವರು ವಾದಕ್ಕೆ ವಸ್ತುವಾದರು. ಅನುಕರಣೆಗೆ ಸಿಗುವ ಮೆಚ್ಚಿಕೆ ಅಡೆತಡೆಯಿಲ್ಲದ್ದು. ಏಕೆಂದರೆ ಕೇಳುಗನಿಗೆ ಈಗಾಗಲೇ ಪ್ರಿಯವಾದದ್ದನ್ನೇ ಅದು ಮರಳಿ ಕೊಡುತ್ತದೆ. ಸ್ವಂತದ್ದನ್ನು ಕೊಡುವವನು ಕೇಳುಗನನ್ನು ಹೊಸದಾಗಿ ಸಂಪಾದಿಸಬೇಕಾಗುತ್ತದೆ. ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಕುಮಾರ ಗಂಧರ್ವರು ಆ ಸಂಪಾದನೆಯನ್ನು ಮೊದಲಿನಿಂದ ಆರಂಭಿಸಿದರು.

ಕೆಂಭಾವಿಯ ಭೋಗಣ್ಣನ ಕಥೆ ಇಲ್ಲಿ ನೆನಪಿಗೆ ಬರುವುದು ಸಹಜ. ಊರವರು ಕೀಳೆಂದು ಎಣಿಸಿದವನಿಗೆ ಮನೆಯಲ್ಲಿ ಉಣಬಡಿಸಿದನೆಂಬ ಕಾರಣಕ್ಕೆ ಅವನನ್ನು ಊರಿನಿಂದ ಹೊರಗೆ ಹಾಕಿದರು. ಅವನು ಹೊರಟಾಗ ಊರಿನ ಗುಡಿಗಳ ಲಿಂಗಗಳೆಲ್ಲ ಅವನ ಹಿಂದೆ ಹೊರಟವು ಎಂದು ಶರಣರ ಕಥೆಗಳು ಹೇಳುತ್ತವೆ. ದೇವರು ಗುಡಿಯಲ್ಲಿ ಇರುವುದಿಲ್ಲ, ಭಕ್ತನಿದ್ದಲ್ಲಿ ಇರುತ್ತಾನೆ ಎಂಬುದು ಕಥೆಯ ಇಂಗಿತ. ಕುಮಾರರನ್ನು ಯಾರೂ ಬಹಿಷ್ಕರಿಸಲಿಲ್ಲ. ರೋಗ ಅವರನ್ನು ಮುಂಬಯಿಯ ವೇದಿಕೆಗಳಿಂದ ದೂರ ಮಾಡಿತು. ಗುಣವಾದ ಮೇಲೂ ಅವರು ಮುಂಬಯಿಗೆ ಮರಳಿ ನೆಲೆಸಲಿಲ್ಲ, ದೇವಾಸದಲ್ಲಿಯೇ ಉಳಿದರು. ಇಂದೂರಿನ ಪತ್ರಕರ್ತ ರಾಹುಲ ಬಾರಪುತೆ, ಚಿತ್ರಕಾರ ವಿಷ್ಣು ಚಿಂಚಾಳಕರರಂಥ ಗೆಳೆಯರು ಅಲ್ಲಿಗೆ ಬಂದರು, ಶಿಷ್ಯರು ಬಂದರು. ಸಂಗೀತದ ನಕ್ಷೆಯಲ್ಲಿ ಇಲ್ಲದ ಊರು ಸಂಗೀತದ ಕ್ಷೇತ್ರವಾಯಿತು.

ದುಃಖಗಳು ಮುಗಿದಿರಲಿಲ್ಲ. ಎರಡನೆಯ ಮಗನ ಹೆರಿಗೆಯ ಸಂದರ್ಭದಲ್ಲಿ, 1961ರಲ್ಲಿ, ಭಾನುಮತಿಯವರು ತೀರಿಕೊಂಡರು. ಮುಂದೆ ದೇವಧರರ ಶಾಲೆಯ ಶಿಷ್ಯೆಯೇ ಆಗಿದ್ದ ವಸುಂಧರಾ ಅವರೊಡನೆ ಮರುವಿವಾಹವಾಯಿತು. ಕಬೀರನ ನಿರ್ಗುಣ ಭಜನೆಗಳನ್ನು ಅವರಿಬ್ಬರೂ ಕೂಡಿ ಹಾಡಿದ ಧ್ವನಿಮುದ್ರಣಗಳು ಇಂದಿಗೂ ಮನೆಮನೆಗಳಲ್ಲಿವೆ. ಮಗ ಮುಕುಲ ಶಿವಪುತ್ರ ಮತ್ತು ಮಗಳು ಕಲಾಪಿನಿ ಇಬ್ಬರೂ ಗಾಯಕರಾದರು. ಬಿರುದಿನ ಮರೆಗೆ ಸರಿದಿದ್ದ ‘ಶಿವಪುತ್ರ’ ಎಂಬ ಹೆಸರು ಮಗನ ಹೆಸರಿನ ಜೊತೆಗೆ ಮತ್ತೆ ವೇದಿಕೆಗೆ ಬಂದದ್ದು ಒಂದು ಸಣ್ಣ ಸಮಾಧಾನ.

ತಮ್ಮ ಬಾಲ್ಯದ ಅನುಕರಣಶಕ್ತಿಯನ್ನು ಕುಮಾರರು ಪೂರ್ತಿಯಾಗಿ ತೊರೆದರೆಂದು ತಿಳಿಯಬಾರದು. ಮರಾಠಿ ರಂಗಭೂಮಿಯ ಮಹಾನಟ ಬಾಲಗಂಧರ್ವರ ನಾಟ್ಯಗೀತೆಗಳನ್ನು ಕುರಿತು ಅವರು ಒಂದು ಕಾರ್ಯಕ್ರಮವನ್ನೇ ರೂಪಿಸಿದರು. ಅದರ ಹೆಸರಿನ ಅರ್ಥವೇ ‘ನನಗೆ ತಿಳಿದ ಬಾಲಗಂಧರ್ವ’ ಎಂದು. ‘ತಿಳಿದ’ ಎಂಬ ಪದದ ಮೇಲೆ ಇಲ್ಲಿ ಒತ್ತು ಬೀಳಬೇಕು. ಏಳು ವರ್ಷದ ಹುಡುಗ ಇನ್ನೊಬ್ಬ ಗಾಯಕನ ಧ್ವನಿಯನ್ನು ಹಾಗೆಯೇ ಮರಳಿಸಿದ್ದ. ನಡುವಯಸ್ಸಿನ ಗಾಯಕ ಇನ್ನೊಬ್ಬ ಗಾಯಕನನ್ನು ಅರ್ಥಮಾಡಿಕೊಂಡು, ಆ ಅರ್ಥವನ್ನು ತನ್ನ ಧ್ವನಿಯಲ್ಲಿ ಹಾಡಿದ. ಶಕ್ತಿ ಅದೇ; ಅದರ ಹಿಂದೆ ಈಗ ಒಬ್ಬ ಮನುಷ್ಯನಿದ್ದಾನೆ.

1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ ಬಂದವು. 1992ರ ಜನವರಿ 12ರಂದು ದೇವಾಸದಲ್ಲಿ ಅವರ ಬದುಕು ಮುಗಿಯಿತು. ಅರವತ್ತೇಳು ವರ್ಷಗಳ ಆಯುಷ್ಯದಲ್ಲಿ ಆರು ದಶಕಗಳಷ್ಟು ಕಾಲ ಅವರು ಪ್ರಸಿದ್ಧರೇ ಆಗಿದ್ದರು. ಆದರೆ ಮೊದಲ ಪ್ರಸಿದ್ಧಿಗೂ ಕೊನೆಯ ಪ್ರಸಿದ್ಧಿಗೂ ನಡುವೆ ಒಂದು ಒಣ ಬಾವಿಯಷ್ಟು ಆಳದ ಮೌನವಿದೆ. ನೀರು ಸಿಕ್ಕಿದ್ದು ಆ ಆಳದಲ್ಲಿ.

ಈ ಕಥೆಯನ್ನು ಇಂದು ಹೇಳಬೇಕಾದ ಕಾರಣ ಸ್ಪಷ್ಟವಾಗಿದೆ. ಅಂದು ಮೂರು ನಿಮಿಷದ ತಟ್ಟೆ ಇತ್ತು. ಇಂದು ಅರ್ಧ ನಿಮಿಷದ ತುಣುಕು ಕೈಯ ಮೊಬೈಲಿನಲ್ಲಿದೆ. ಅಂದು ಪದಕ ಹಂಚುವ ಸಮ್ಮೇಳನಗಳಿದ್ದವು. ಇಂದು ವಾಹಿನಿಗಳ ಗಾಯನ ಸ್ಪರ್ಧೆಗಳಿವೆ. ಕೆಂಭಾವಿಯಲ್ಲಾಗಲಿ, ಶಹಾಪುರದಲ್ಲಾಗಲಿ, ಒಳ್ಳೆಯ ಕಂಠದ ಮಗುವೊಂದು ಸಿನಿಮಾದ ಹಾಡನ್ನು ಮೂಲ ಗಾಯಕರ ಹಾಗೆಯೇ ಹಾಡಿದರೆ ಒಂದೇ ಸಂಜೆಯಲ್ಲಿ ನಾಡೆಲ್ಲ ಅದನ್ನು ಕೇಳಬಹುದು. ತೀರ್ಪುಗಾರರು ಎದ್ದು ನಿಂತು ‘ಥೇಟ್ ಅವರ ಹಾಗೆಯೇ’ ಎಂದು ಕಣ್ಣೊರೆಸಿಕೊಳ್ಳಬಹುದು. ತಾಯಿತಂದೆಯರಿಗೆ ಅದು ಧನ್ಯತೆಯ ಗಳಿಗೆ. ಬಡ ಮನೆಗೆ ಅದು ಹೊಸ ದಾರಿಯೂ ಆಗಬಹುದು; ಅದನ್ನು ಹಳಿಯುವ ಅಧಿಕಾರ ಹೊಟ್ಟೆ ತುಂಬಿದವರಿಗೆ ಇಲ್ಲ.

ಆದರೆ ಮರುವರ್ಷ ಬೇರೊಂದು ಮಗು ಬರುತ್ತದೆ. ಇಂದ್ರನ ಸಭೆಯ ನರ್ತಕಿಯಂತೆ ಒಂದು ಪ್ರತಿರೂಪದ ಜಾಗದಲ್ಲಿ ಇನ್ನೊಂದು ನಿಲ್ಲುತ್ತದೆ, ಸಭೆಗೆ ರಸಭಂಗವಾಗುವುದಿಲ್ಲ. ಮರೆಯಾದವಳು ಎಲ್ಲಿಗೆ ಹೋದಳೆಂದು ಯಾರೂ ಕೇಳುವುದಿಲ್ಲ. ಗಂಟಲೊಡೆದ ಹುಡುಗ, ಸ್ಪರ್ಧೆಯಿಂದ ಮನೆಗೆ ಮರಳಿದ ಹುಡುಗಿ, ಇವರಿಗೆ ಮೌನದ ವರ್ಷಗಳು ಬಂದಾಗ ಜೊತೆಗಿರಲು ಒಬ್ಬ ದೇವಧರರು ಇದ್ದಾರೆಯೆ, ಒಬ್ಬ ಭಾನುಮತಿ ಇದ್ದಾರೆಯೆ ಎಂಬುದು ಕೇಳಬೇಕಾದ ಪ್ರಶ್ನೆ. ಕುಮಾರ ಗಂಧರ್ವರು ಬಾಲಕೀರ್ತಿಯನ್ನು ದಾಟಿದ್ದು ಪ್ರತಿಭೆಯೊಂದರಿಂದಲೇ ಅಲ್ಲ. ಮೊದಲಿನಿಂದ ಕಲಿಸಿದ ಶಾಲೆಯಿತ್ತು, ದುಡಿದು ಸಾಕಿದ ಹೆಂಡತಿ ಇದ್ದರು, ಸಮಯಕ್ಕೆ ಒದಗಿದ ಔಷಧವಿತ್ತು, ಅವಸರವಿಲ್ಲದ ಒಂದು ಸಣ್ಣ ಊರಿತ್ತು.

ಮಗುವೊಂದು ಚೆನ್ನಾಗಿ ಹಾಡಿದಾಗ ‘ಯಾರ ಹಾಗೆ ಹಾಡಿತು’ ಎಂದು ಹೊಗಳುವುದು ಸುಲಭ. ‘ಏನನ್ನು ಕೇಳಿ ಬೆಳೆಯುತ್ತಿದೆ’ ಎಂದು ವಿಚಾರಿಸುವುದು ಹಿರಿಯರ ಹೊಣೆ. ಹಾಡಲು ವೇದಿಕೆಯನ್ನು ಕೊಡುವವರು ಬಹಳ ಜನ ಇದ್ದಾರೆ. ಹಾಡದೆ ಇರಲು ಕೆಲವು ವರ್ಷಗಳನ್ನು ಕೊಡುವವರು ಬೇಕು.